ಮೂರು ಆ್ಯಪು, ಒಬ್ಬ ಪದ್ದತ್ತೆ

ಯಾವುದನ್ನೇ ಆಗಲಿ ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಿ ನೋಡದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಇದು. ಮಿಕ್ಸಿ ಕೊಳ್ಳಬೇಕೆಂದರೆ ಊರಿನ ಅಂಗಡಿಗಳನ್ನೆಲ್ಲ ಸುತ್ತಿ, ಜಾರುಗಳ ಮುಚ್ಚಳ ತೆಗೆದು ಹಾಕಿ, ಇದರ ಬ್ಲೇಡು ಅದಕ್ಕಿಂತ ಹೇಗೆ, ಅದರ ಸದ್ದು ಇದಕ್ಕಿಂತ ಹೇಗೆ ಎಂದು ವಿಚಾರಿಸಿ, ಅಂಗಡಿಯವರು ಬೇಸತ್ತು ಬೇರೆ ಗಿರಾಕಿಯ ಕಡೆ ತಿರುಗಿಕೊಂಡ ಮೇಲೆ, ಮೊಟ್ಟಮೊದಲು ನೋಡಿದ್ದನ್ನೇ ತೆಗೆದುಕೊಂಡು ಮನೆಗೆ ಬರುತ್ತೇನೆ. ಬಂದ ಮೇಲೂ ಪಕ್ಕದ ಮನೆಯ ಮಿಕ್ಸಿ ಸದ್ದು ಮಾಡಿದರೆ ಕಿವಿ ಅತ್ತಲೇ ಹೋಗುತ್ತದೆ. "ನನ್ನನ್ನ ನೋಡೋಕೆ ಬರೋ ಮುಂಚೆ ಎಷ್ಟು ಮನೆ ಉಪ್ಪಿಟ್ಟು ಹೋಲಿಸಿ ನೋಡಿದ್ರಿ?" ಎಂದು ನನ್ನ ಹೆಂಡತಿ ಗಿರಿಜ ಆಗಾಗ ಕೇಳುತ್ತಾಳೆ. ಉತ್ತರ ನನ್ನ ಬಳಿ ಇದೆ, ಆದರೆ ಇನ್ನೂ ಕೊಟ್ಟಿಲ್ಲ. ಈ ಚಟದಿಂದ ನನ್ನ ಸಮಯ ಬಿಟ್ಟರೆ ಬೇರೆ ಯಾರ ಗಂಟೂ ಹೋಗುವುದಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಫೋನಿನಲ್ಲಿ ದಾರಿ ತೋರಿಸುವ ಆ್ಯಪುಗಳನ್ನು ಹೋಲಿಸಲು ಹೊರಟ ಮೇಲೆ ಆ ನಂಬಿಕೆಯೂ ಹೋಯಿತು.

ಬ್ಯಾಂಕಿನವರು ನನ್ನನ್ನು ತುಮಕೂರಿನಿಂದ ಎತ್ತಿ ವಿಶಾಖಪಟ್ಟಣದ ದ್ವಾರಕಾ ನಗರದ ಶಾಖೆಗೆ ಹಾಕಿದ ವರ್ಷವೇ ಅಲ್ಲಿ ಆ ದೊಡ್ಡ ಚಂಡಮಾರುತ ಬಂದಿತ್ತು. ನಾನು ಪೆಟ್ಟಿಗೆ ಹಿಡಿದು ಇಳಿಯುವ ಹೊತ್ತಿಗೆ ಗಾಳಿ ತನ್ನ ಕೆಲಸ ಮುಗಿಸಿಕೊಂಡು ಹೋಗಿತ್ತು. ಮರಗಳು ಬುಡಮೇಲಾಗಿ ಬಿದ್ದಿದ್ದವು, ಒಂದು ಅಂಗಡಿಯ ಬೋರ್ಡು ಹೋಗಿ ಇನ್ನೊಂದು ಅಂಗಡಿಯ ಮುಂದೆ ಕೂತಿತ್ತು. ದಾರಿ ಕೇಳಿದರೆ ಊರಿನವರೇ, ಅಲ್ಲೊಂದು ದೊಡ್ಡ ಮರ ಇತ್ತು ಸಾರ್, ಅಲ್ಲಿ ತಿರುಗಿ ಎನ್ನುತ್ತಿದ್ದರು. ಇತ್ತು ಎನ್ನುವ ಮರದ ಹತ್ತಿರ ಹೊಸಬನಾದವನು ತಿರುಗುವುದು ಹೇಗೆ? ಮೊದಲೇ ದಿಕ್ಕಿನ ವಿಷಯದಲ್ಲಿ ದೇವರು ನನ್ನ ಕೈಬಿಟ್ಟಿದ್ದಾನೆ. ಹೋಟೆಲಿನಲ್ಲಿ ಕೈ ತೊಳೆದುಕೊಂಡು ಬಂದು ಬೇರೆಯವರ ಮೇಜಿನಲ್ಲಿ ಕೂತು ಅವರ ಮಸಾಲೆ ದೋಸೆಗೆ ಕೈಹಾಕುವವನು ನಾನು. "ಈ ಊರಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ದಾರಿ ತಪ್ಪೋಕೆ ಜಾಗ ಎಲ್ಲಿದೆ?" ಎಂದು ಗಿರಿಜ ಧೈರ್ಯ ಹೇಳಿದಳು. ನಾನು ಮೊದಲ ತಿಂಗಳಲ್ಲೇ ಜಾಗ ಹುಡುಕಿ ತೋರಿಸಿದೆ.

ನಮ್ಮ ಶಾಖೆಯಲ್ಲಿ ಸನ್ಯಾಸಿರಾವು ಎಂಬ ಗುಮಾಸ್ತರಿದ್ದರು. ಹೆಸರಷ್ಟೇ ಸನ್ಯಾಸ. ಹೊಸ ಫೋನು, ಹೊಸ ಸಿನಿಮಾ, ಹೊಸ ಬಿರಿಯಾನಿ ಹೋಟೆಲು ಯಾವುದನ್ನೂ ಬಿಟ್ಟವರಲ್ಲ. ನನ್ನ ಅವಸ್ಥೆ ನೋಡಲಾಗದೆ ಅವರೇ ಒಂದು ದಿನ, "ಸಾರ್, ಇದಿ ಚೂಡಂಡಿ" ಎಂದು ನನ್ನ ಫೋನಿನಲ್ಲೇ ಇದ್ದ ಮೊದಲನೆಯ ಆ್ಯಪನ್ನು ತೆರೆದು ತೋರಿಸಿದರು. ಅದರಲ್ಲಿ ನಾನೊಂದು ನೀಲಿ ಚುಕ್ಕೆಯಾಗಿ ದ್ವಾರಕಾ ನಗರದಲ್ಲಿ ಮಿನುಗುತ್ತಿದ್ದೆ. ನಾನು ಎಲ್ಲಿದ್ದೇನೆಂದು ಯಾರಿಗೋ ಒಬ್ಬರಿಗೆ ಗೊತ್ತಿದೆಯಲ್ಲ ಎಂದು ನಿಜವಾಗಿ ಸಂತೋಷವಾಯಿತು. ಮರುವಾರ ಅವರೇ ಎರಡನೆಯದನ್ನು ಹಾಕಿಕೊಟ್ಟರು. ಮೂರನೆಯದನ್ನು ನಾನೇ ಹುಡುಕಿದೆ, ಏಕೆಂದರೆ ಎರಡನ್ನಷ್ಟೇ ಎದುರುಬದುರು ಇಟ್ಟರೆ ನನಗೆ ಅದು ಹೋಲಿಕೆ ಎನಿಸುವುದಿಲ್ಲ.

ಮೂರಕ್ಕೂ ನಾಮಕರಣ ಮಾಡಿದವಳು ಗಿರಿಜ. ಮೊದಲನೆಯದು ಮೇಡಂ. ಹೆಣ್ಣು ದನಿಯಲ್ಲಿ ಚೊಕ್ಕ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸುತ್ತದೆ. ಈಶಾನ್ಯಕ್ಕೆ ಹೊರಡಿ ಎನ್ನುತ್ತದೆ, ಈಶಾನ್ಯ ಯಾವುದೆಂದು ಗೊತ್ತಿದ್ದರೆ ನಾನೇಕೆ ಅದನ್ನು ಕೇಳುತ್ತಿದ್ದೆ? ತಪ್ಪು ತಿರುವು ತೆಗೆದುಕೊಂಡರೆ ಮೇಡಂ ಬೈಯುವುದಿಲ್ಲ. ಒಂದು ಗಳಿಗೆ ಸುಮ್ಮನಿದ್ದು ಹೊಸ ದಾರಿ ಹೇಳುತ್ತದೆ, ಆ ಸುಮ್ಮನಿರುವುದರಲ್ಲೇ ಬೈಗುಳವೆಲ್ಲ ಇರುತ್ತದೆ. ಎರಡನೆಯದು ಚಾಡಿಕೋರ. ರಸ್ತೆಯಲ್ಲಿ ಓಡಾಡುವವರೆಲ್ಲ ತನ್ನ ಕಿವಿಯಲ್ಲಿ ಊದಿದ್ದನ್ನು ತಂದು ನಮಗೆ ಒಪ್ಪಿಸುತ್ತದೆ. ಮುಂದೆ ಪೊಲೀಸರಿದ್ದಾರಂತೆ, ಅಲ್ಲಿ ಗುಂಡಿ ಇದೆಯಂತೆ, ಆಚೆ ಯಾರದೋ ಕಾರು ಕೆಟ್ಟು ನಿಂತಿದೆಯಂತೆ. ಮೂರನೆಯದು ತಾತ. ಒಮ್ಮೆ ನಕ್ಷೆ ಇಳಿಸಿಕೊಂಡರೆ ಸಾಕು, ಇಂಟರ್‌ನೆಟ್ಟು ಬೇಡ, ಸಿಗ್ನಲ್ಲು ಬೇಡ, ನೆನಪಿನಿಂದಲೇ ಹೇಳುತ್ತದೆ. ಆದರೆ ಇತ್ತೀಚೆಗೆ ಊರಿನಲ್ಲಿ ಏನಾಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಒನ್‌ವೇ ಆಗಿ ಎಷ್ಟೋ ವರ್ಷವಾದ ರಸ್ತೆಯಲ್ಲಿ ಎದುರಿನಿಂದ ನುಗ್ಗು ಎಂದು ಧೈರ್ಯ ತುಂಬುತ್ತದೆ. ಸಿಕ್ಕಿಬಿದ್ದಾಗ ಟ್ರಾಫಿಕ್ ಪೊಲೀಸರಿಗೆ ನಾನು ತಾತ ಹೇಳಿದರು ಎಂದುಬಿಟ್ಟೆ. ಅವರು ಹಿಂದಿನ ಸೀಟನ್ನು ಬಗ್ಗಿ ನೋಡಿದರು.

ಹೋಲಿಕೆ ಎಂದ ಮೇಲೆ ಪರೀಕ್ಷೆ ಬೇಕಲ್ಲ. ಪರವಾಡದಲ್ಲಿ ಔಷಧ ತಯಾರಿಸುವ ಸಣ್ಣ ಕಾರ್ಖಾನೆಯೊಂದು ನಮ್ಮ ಶಾಖೆಯ ಸಾಲಗಾರ. ಅವರ ದಾಸ್ತಾನು ನೋಡಿ ಬರಲು ಹೊರಟ ದಿನ ಚಾಡಿಕೋರನ ಪಾಳಿ. ಮುಖ್ಯ ರಸ್ತೆಯಲ್ಲಿ ತಡೆ ಇದೆಯಂತೆ ಎಂದು ಅದು ನನ್ನನ್ನು ಒಳದಾರಿಗೆ ಇಳಿಸಿತು. ಶಿಫ್ಟು ಬದಲಾಗುವ ಹೊತ್ತು. ಹಿಂದೆ ಕಂಪನಿ ಬಸ್ಸು, ಮುಂದೆ ಕಂಪನಿ ಬಸ್ಸು, ನಡುವೆ ನನ್ನ ಪುಟ್ಟ ಕಾರು. ಬಸ್ಸುಗಳು ಹೋದ ಕಡೆ ನಾನೂ ಹೋದೆ. ಅವು ಒಂದು ಗೇಟಿನೊಳಗೆ ನುಗ್ಗಿದವು, ನಾನೂ ನುಗ್ಗಿದೆ. ಗೇಟಿನವನು ಸೆಲ್ಯೂಟು ಹೊಡೆದ. ಬ್ಯಾಂಕಿನಿಂದ ಬಂದಿದ್ದೇನೆ ಎಂದೆ. ಒಳಗೆ ಕೂರಿಸಿ ಟೀ ಕೊಟ್ಟರು, ತಲೆಗೆ ಟೋಪಿ, ಕಾಲಿಗೆ ಚೀಲ ತೊಡಿಸಿ ಡ್ರಮ್ಮುಗಳನ್ನೆಲ್ಲ ಒಂದೊಂದಾಗಿ ತೋರಿಸಿದರು. ಇಷ್ಟು ಅಚ್ಚುಕಟ್ಟಾಗಿ ದಾಸ್ತಾನು ಇಟ್ಟವರನ್ನು ನಾನು ಕಂಡೇ ಇರಲಿಲ್ಲ. ಬಾಯಿತುಂಬ ಹೊಗಳಿ ಹೊರಗೆ ಬರುವಾಗ ಬೋರ್ಡು ಓದಿದೆ. ನಮ್ಮ ಸಾಲಗಾರರು ಪಕ್ಕದ ಗೇಟಿನವರು. ಅವರೂ ಪಾಪ ಟೀ ಮಾಡಿಸಿಟ್ಟುಕೊಂಡು ಬೆಳಗಿನಿಂದ ಕಾಯುತ್ತಿದ್ದರು. ದಾರಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ಆದರೆ ಕಾರಿನ ಗಾಜು ಇಳಿಸಿ ಒಬ್ಬ ಮನುಷ್ಯನನ್ನು ಕೇಳುವ ಅಭ್ಯಾಸ ಅಷ್ಟರಲ್ಲಿ ನನಗೆ ತಪ್ಪಿಹೋಗಿತ್ತು.

ಇನ್ನು ಪದ್ದತ್ತೆಯ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಮಿಕ್ಸಿ, ಬಸ್ಸು, ಡ್ರಮ್ಮು ಎಂದು ಸುತ್ತು ಹಾಕುತ್ತಿದ್ದುದೇ ಅಲ್ಲಿಗೆ ಬರುವುದನ್ನು ಮುಂದೂಡಲು. ಪದ್ಮಾವತಿ ನನ್ನ ತಂದೆಯ ತಂಗಿ, ನಮಗೆಲ್ಲ ಪದ್ದತ್ತೆ. ನನ್ನ ಸ್ವಂತ ತಾತನ ಜೊತೆ ರೈಲ್ವೆಯಲ್ಲಿದ್ದ ತೆಲುಗು ಸ್ನೇಹಿತರೊಬ್ಬರ ಮಗನಿಗೆ ಕೊಟ್ಟು, ಚಿಕ್ಕ ವಯಸ್ಸಿನಲ್ಲೇ ತುಮಕೂರಿನಿಂದ ವಿಜಯವಾಡಕ್ಕೆ ಕಳಿಸಿದ್ದರು. ಮಾವ ತೀರಿಹೋಗಿ ಬಹಳ ಕಾಲವಾಯಿತು. ಈಗ ಮಗ ಮತ್ತು ಸೊಸೆ ಶ್ರೀಲಕ್ಷ್ಮಿಯ ಜೊತೆ ವಿದ್ಯಾಧರಪುರದ ಮನೆಯಲ್ಲಿದ್ದಾರೆ. ಮಗನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ತೆಲುಗು ಬರುತ್ತದೆ. ಸೊಸೆಗೆ "ಊಟ ಆಯ್ತಾ" ಎನ್ನುವಷ್ಟು ಗೊತ್ತು, ಅದನ್ನು ಅವಳು ಬೆಳಿಗ್ಗೆ ಕಾಫಿಯ ಜೊತೆಗೂ ಕೇಳುತ್ತಾಳೆ. ಆ ಮನೆಯಲ್ಲಿ, ಆ ಬೀದಿಯಲ್ಲಿ ಕನ್ನಡ ಎಂದರೆ ಪದ್ದತ್ತೆ ಒಬ್ಬರೇ.

ನಾವು ಮೊದಲ ಸಲ ಕಾರಿನಲ್ಲಿ ವಿಜಯವಾಡಕ್ಕೆ ಹೊರಟಾಗ ಮೇಡಂ ನನ್ನ ಫೋನಿನಲ್ಲೇ ಇದ್ದರೂ ಇನ್ನೂ ಪರಿಚಯವಾಗಿರಲಿಲ್ಲ. ಪದ್ದತ್ತೆಯೇ ದಾರಿ ಹೇಳಿದರು. ದಾರಿ ಹೇಳುವುದೆಂದರೆ ಒಮ್ಮೆ ಹೇಳಿ ಫೋನು ಇಡುವುದಲ್ಲ. ಊರು ಇನ್ನೂ ದೂರವಿರುವಾಗಲೇ, ಹನುಮಾನ್ ಜಂಕ್ಷನ್ನಿನಲ್ಲಿ ಕಾಫಿಗೆ ನಿಂತಾಗ ನಾವು ಫೋನು ಮಾಡಬೇಕು. ಅಲ್ಲಿಂದ ಅವರು ನಮ್ಮ ಕೈಬಿಡುತ್ತಿರಲಿಲ್ಲ. ಹಾಲಿನ ಮೂಲೆಯಲ್ಲಿದ್ದ ಲ್ಯಾಂಡ್‌ಲೈನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಗಿರಿಜಳ ಫೋನಿನ ಸ್ಪೀಕರಿನೊಳಗಿಂದ ಕಾರು ನಡೆಸುತ್ತಿದ್ದವರು ಅವರೇ.

"ಈಗ ಎಲ್ಲಿದ್ದೀಯೋ ಸೀನ?"

"ರಾಮವರಪ್ಪಾಡು ರಿಂಗು ಹತ್ರ ಅತ್ತೆ."

"ಸರೆ, ಅನ್ನಕ್ಕಿಡ್ತೀನಿ. ಬೆಟ್ಟ ಕಾಣೋವರ್ಗೂ ಆತುರ ಬೇಡ. ಕಂಡ್ಮೇಲೆ ಅಮ್ಮನೋರನ್ನ ಎದುರಿಗಿಟ್ಕೊಂಡು ನೇರುಗಾ ಬಾ."

ಅಮ್ಮನವರೆಂದರೆ ಇಂದ್ರಕೀಲಾದ್ರಿಯ ದುರ್ಗೆ. ಪದ್ದತ್ತೆಯ ಊರಿನಲ್ಲಿ ಎಡ ಬಲ ಎಂಬುದೇ ಇರಲಿಲ್ಲ. ಒಂದು ಬೆಟ್ಟದ ಕಡೆ, ಇನ್ನೊಂದು ಕೃಷ್ಣೆಯ ಕಡೆ, ಅಷ್ಟೇ. ಬೆಟ್ಟದ ಸುರಂಗ ದಾಟಿದ ಮೇಲೆ ಅಮ್ಮನವರು ನಮ್ಮ ಬೆನ್ನಿಗೆ ಬರಬೇಕು. ಬಾರದಿದ್ದರೆ ಕಾರು ತಪ್ಪಿದೆ ಎಂದು ಅರ್ಥ. ಆಮೇಲೆ ರಾವಿಮರ. ಅರಳಿಮರಕ್ಕೆ ಅವರು ತೆಲುಗಿನವರ ಹಾಗೆ ರಾವಿ ಎಂದೇ ಹೇಳುತ್ತಿದ್ದುದು. ಅಲ್ಲಿ ಕೃಷ್ಣೆಯ ಕಡೆ ತಿರುಗಿದರೆ ಗೋಲಿ ಸೋಡಾ ಅಂಗಡಿ, ಅದರಾಚೆ ಕೈಯಲ್ಲಿ ಒತ್ತುವ ನೀರಿನ ಬೋರಿಂಗು, ಅದರೆದುರು ನೀಲಿ ಗೇಟು. ಇದರ ನಡುನಡುವೆ ಬೇರೆ ಮಾತೂ ಬರುತ್ತಿತ್ತು. ಸೋಡಾ ಅಂಗಡಿಯವನ ಮಗಳ ಮದುವೆ, ಸುರಂಗದಲ್ಲಿ ಮಾವನ ಸೈಕಲ್ಲಿನ ಮೇಲಿಂದ ಅವರು ಬಿದ್ದದ್ದು, ತುಮಕೂರಿನಲ್ಲಿ ನಮ್ಮಪ್ಪ ಅವರನ್ನು ಶಾಲೆಗೆ ಕರೆದುಕೊಂಡು ಹೋಗುವಾಗ ಕೈ ಬಿಟ್ಟು ಓಡಿದ್ದು. ಸಿಗ್ನಲ್ಲಿನಲ್ಲಿ ಕಾರು ನಿಂತರೂ ಅವರ ಕನ್ನಡ ನಿಲ್ಲುತ್ತಿರಲಿಲ್ಲ. ಕೊನೆಗೆ ನೀಲಿ ಗೇಟಿನ ಮುಂದೆ ನಾನು ಬ್ರೇಕು ಹಾಕಿದಾಗ, ಅದೇ ದನಿ ಫೋನಿನಲ್ಲಿಯೂ ಕಿಟಕಿಯಿಂದಲೂ ಒಟ್ಟಿಗೆ ಕೇಳುತ್ತಿತ್ತು. ಒಳಗೆ ಹೋಗಿ ಕಾಲು ತೊಳೆದು ಕೂರುವ ಹೊತ್ತಿಗೆ ಹಬೆಯಾಡುವ ಅನ್ನ ಎಲೆಗೆ ಬೀಳುತ್ತಿತ್ತು. ಯಾವಾಗಲೂ ಸರಿಯಾಗಿ ಅದೇ ಹೊತ್ತಿಗೆ.

ಆಮೇಲೆ ಮೇಡಂ, ಚಾಡಿಕೋರ, ತಾತ ಮೂವರೂ ನಮ್ಮ ಸಂಸಾರಕ್ಕೆ ಬಂದರು. ದೂರದ ದಾರಿಯಲ್ಲಿ ಮೂರನ್ನೂ ಒಟ್ಟಿಗೆ ಪರೀಕ್ಷಿಸಬೇಕೆಂದು ನನಗೆ ಆಸೆಯಾಯಿತು. ದೂರದ ದಾರಿ ಎಂದರೆ ನಮಗೆ ವಿಜಯವಾಡ. ನನ್ನ ಫೋನಿನಲ್ಲಿ ಮೇಡಂ, ಗಿರಿಜಳ ಫೋನಿನಲ್ಲಿ ಚಾಡಿಕೋರ, ನನ್ನ ಹಳೆಯ ಫೋನಿನಲ್ಲಿ ತಾತ. ಮೂವರನ್ನೂ ಸ್ಟೀರಿಂಗಿನ ಮುಂದೆ ಸಾಲಾಗಿ ನಿಲ್ಲಿಸಿದೆ. ಅನಕಾಪಲ್ಲಿಯವರೆಗೆ ಮೂವರೂ ಒಂದೇ ಮಾತಾಡಿದರು. ರಾಜಮಂಡ್ರಿಯ ಹತ್ತಿರ ಭಿನ್ನಾಭಿಪ್ರಾಯ ಶುರುವಾಯಿತು. ಮೇಡಂ ಬೈಪಾಸು ಎಂದಿತು, ಚಾಡಿಕೋರ ಬೈಪಾಸಿನಲ್ಲಿ ಲಾರಿ ಮಗುಚಿದೆಯಂತೆ ಎಂದಿತು, ತಾತ ಹಳೆಯ ಸೇತುವೆ ಇದೆಯಲ್ಲ ಎಂದಿತು. ಜಗಳ ಜೋರಾದಾಗ ಗಿರಿಜ ಮೂರನ್ನೂ ಆಫ್ ಮಾಡಿ, ಗಾಜು ಇಳಿಸಿ, ಎಳನೀರಿನವಳನ್ನು ಕೇಳಿದಳು. ಅವಳು ಗಲ್ಲ ಎತ್ತಿ ಒಂದು ಕಡೆ ತೋರಿಸಿದಳು. ಸರಿಯಾದ ದಾರಿ ಅದೇ ಆಗಿತ್ತು, ಆದರೆ ನನ್ನ ಹೋಲಿಕೆಯಲ್ಲಿ ಎಳನೀರಿನವಳಿಗೆ ಜಾಗವಿರಲಿಲ್ಲ. ಹನುಮಾನ್ ಜಂಕ್ಷನ್ನಿನಲ್ಲಿ ಕಾಫಿ ಕುಡಿಯುವಾಗ, "ಅತ್ತೆಗೆ ಫೋನ್ ಮಾಡಲ್ವಾ?" ಎಂದಳು ಗಿರಿಜ. ಮಾಡಿದರೆ ಪರೀಕ್ಷೆ ಕೆಡುತ್ತದೆ ಎಂದೆ. ಈ ಮಾತು ನನಗೆ ಈಗಲೂ ಸರಿಯಾಗಿ ನೆನಪಿದೆ.

ಮೇಡಂ ಗೆದ್ದಿತು. ಸುರಂಗದೊಳಗೆ ಒಮ್ಮೆ ದನಿ ನಿಂತದ್ದು ಬಿಟ್ಟರೆ ನೇರವಾಗಿ ತಂದು ನೀಲಿ ಗೇಟಿನ ಮುಂದೆ ಬಿಟ್ಟಿತು. ನಾನು ಗೆದ್ದವನ ಠೀವಿಯಲ್ಲಿ ಗೇಟು ಬಡಿದೆ. ಒಳಗಿನಿಂದ "ಎವರಂಡಿ?" ಎಂಬ ದನಿ ಬಂತು. ಯಾರು ಎಂದು ಕೇಳಿದ್ದು ಪದ್ದತ್ತೆಯೇ, ಆದರೆ ಆ ದನಿ ನನಗೆ ಪರಿಚಯವಿಲ್ಲದ್ದು. ಬಾಗಿಲು ತೆರೆದರು. ಹಳೆಯ ವಾಯಿಲ್ ಸೀರೆ, ಎಣ್ಣೆ ಹಚ್ಚಿ ಬಿಟ್ಟ ಕೂದಲು. ನಮ್ಮನ್ನು ನೋಡಿ ಕೂದಲನ್ನು ಕೈಯಿಂದ ಸುತ್ತಿ ಗಂಟು ಹಾಕಿಕೊಂಡರು. "ಫೋನ್ ಮಾಡಿದ್ರೆ ಅನ್ನಕ್ಕಿಡ್ತಿದ್ದೆ" ಎಂದರು. ನಾನು ಫೋನನ್ನು ಅವರ ಕಣ್ಣಿನ ಮುಂದೆ ಹಿಡಿದು ಮನೆ, ಬೀದಿ, ನೀಲಿ ಚುಕ್ಕೆ ಎಲ್ಲವನ್ನೂ ತೋರಿಸಿದೆ. "ನೋಡಿ ಅತ್ತೆ, ಇನ್ನು ಮೇಲೆ ನಿಮಗೆ ತೊಂದರೆ ಇಲ್ಲ" ಎಂದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇದ್ರಲ್ಲಿ ಬೋರಿಂಗು ಇಲ್ವಲ್ಲೋ" ಎಂದರು. ಆಮೇಲೆ, "ಸರೆ, ಒಳ್ಳೇದೇ ಆಯ್ತು" ಎಂದು ಅಡುಗೆಮನೆಗೆ ಹೋದರು. ಅಂದು ಬೆಳಗಿನ ತಣ್ಣಗಿನ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ತಿಂದೆವು. ನನಗೆ ಗೆಲುವಿನ ಅಮಲಿನಲ್ಲಿ ಅದೂ ರುಚಿಯಾಗಿಯೇ ಇತ್ತು.

ಅದಾದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಹೋಗುತ್ತಿದ್ದೆವು. ಹೊರಡುವ ದಿನ ಶ್ರೀಲಕ್ಷ್ಮಿಗೆ ಒಂದು ಮೆಸೇಜು ಹಾಕಿದರೆ ಮುಗಿಯಿತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ನದಿಯ ಪುಷ್ಕರ ಸ್ನಾನಕ್ಕೆಂದು ರಸ್ತೆ ಅಗಲ ಮಾಡಿದರು, ಬೆಟ್ಟದ ಕೆಳಗೆ ಮೇಲುಸೇತುವೆಯ ಕಂಬಗಳು ಎದ್ದವು, ಇಂದು ಈ ದಾರಿ ಬಂದ್, ನಾಳೆ ಆ ದಾರಿ ಬಂದ್. ಮೇಡಂ ಎಲ್ಲವನ್ನೂ ನಿಭಾಯಿಸಿತು. ನಾನು ಸನ್ಯಾಸಿರಾವು ಅವರ ಮುಂದೆ ಮೇಡಂನ ಗುಣಗಾನ ಮಾಡುತ್ತಿದ್ದೆ. ಈ ನಡುವೆ ಗಿರಿಜ ಒಂದು ಮಾತು ಹೇಳಿದಳು. "ನೀವು ಗಮನಿಸಿದ್ರಾ? ಅತ್ತೆ ಕನ್ನಡದಲ್ಲಿ ತಡವರಿಸ್ತಾರೆ. ಮೊನ್ನೆ ನನ್ನ ಹತ್ರ ತೆಲುಗಲ್ಲೇ ಮಾತು ಶುರು ಮಾಡಿ ಆಮೇಲೆ ನಾಲಿಗೆ ಕಚ್ಕೊಂಡ್ರು." ವಯಸ್ಸಾಯಿತಲ್ಲ ಎಂದೆ. ಗಿರಿಜ ಒಪ್ಪಲಿಲ್ಲ.

ಕಾರಣ ಹೇಳಿದ್ದು ಶ್ರೀಲಕ್ಷ್ಮಿ. ಒಂದು ಮಧ್ಯಾಹ್ನ ಪದ್ದತ್ತೆ ಮಲಗಿದ್ದಾಗ ಅವಳು ನಮಗೆ ಕಾಫಿ ತಂದುಕೊಟ್ಟು ತೆಲುಗಿನಲ್ಲಿ ಹೇಳಿದ ಮಾತಿನ ಸಾರ ಇಷ್ಟು: "ಮೊದಲು ನೀವು ಬರ್ತೀರಿ ಅಂದ್ರೆ ಅತ್ತಯ್ಯ ಬೆಳಿಗ್ಗೆನೇ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು, ಫೋನ್ ಪಕ್ಕ ಕೂರ್ತಿದ್ರು. ನೀವು ದಾರಿ ಕೇಳಿದ ದಿನ ಆ ಕನ್ನಡ ಬೀದಿಗೆಲ್ಲ ಕೇಳಿಸ್ತಿತ್ತು. ಪಕ್ಕದ ಮನೆಯವರು ಯಾರ ಜೊತೆ ಜಗಳ ಅಂತ ಬಂದು ಕೇಳೋರು. ಈಗ ಆ ಕುರ್ಚಿ ಮೇಲೆ ಬಟ್ಟೆ ಮಡಚಿ ಇಡ್ತೀವಿ." ಅವಳು ದೂರು ಹೇಳಲಿಲ್ಲ, ಮನೆಯ ಸುದ್ದಿ ಹೇಳುವಂತೆಯೇ ಹೇಳಿದಳು. ನಾನು ಕುರ್ಚಿಯನ್ನು ನೋಡಿದೆ. ಮಡಚಿದ ಟವೆಲುಗಳಿದ್ದವು.

ಯೋಚಿಸಿ ನೋಡಿದರೆ, ನಾನು ಮೂರು ಆ್ಯಪುಗಳನ್ನು ಹೋಲಿಸಿದೆನೇ ಹೊರತು ಅವು ಯಾರ ಜಾಗಕ್ಕೆ ಬಂದವೋ ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ದಾರಿ ಕೇಳುವುದು ಅವರಿಗೆ ತೊಂದರೆ ಎಂದು ನನಗೆ ನಾನೇ ತೀರ್ಮಾನಿಸಿಕೊಂಡು, ಉಪಕಾರ ಮಾಡಿದೆನೆಂದು ಬೀಗಿಕೊಂಡಿದ್ದೆ. ಅವರ ಮಟ್ಟಿಗೆ ಕನ್ನಡವೆಂದರೆ ಹನುಮಾನ್ ಜಂಕ್ಷನ್ನಿನಿಂದ ನೀಲಿ ಗೇಟಿನವರೆಗಿನ ರಸ್ತೆ. ಅದನ್ನು ನಾನು ಮುಚ್ಚಿಸಿಬಿಟ್ಟಿದ್ದೆ. ಬೇಸರ ತಡೆಯಲಾರದೆ ಸನ್ಯಾಸಿರಾವು ಅವರಿಗೆ ಹೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಆ್ಯಪಿನ ದನಿ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ತೋರಿಸಿದರು. ಉಪಾಯ ಹೊಳೆದದ್ದು ಆಗಲೇ.

ಮುಂದಿನ ಸಲ ಹನುಮಾನ್ ಜಂಕ್ಷನ್ನಿನಲ್ಲಿ ಗಿರಿಜಳ ಫೋನಿನಿಂದ ಲ್ಯಾಂಡ್‌ಲೈನಿಗೆ ಕರೆ ಮಾಡಿದೆ. "ಅತ್ತೆ, ನನ್ನ ಫೋನಿನ ಮ್ಯಾಪು ಕೆಟ್ಟಿದೆ. ರಸ್ತೆಯೆಲ್ಲ ಬದಲಾಗಿದೆ. ನೀವೇ ದಾರಿ ಹೇಳಬೇಕು" ಎಂದೆ. ಆ ಕಡೆ ಕುರ್ಚಿ ಎಳೆದ ಸದ್ದು, ಬಟ್ಟೆ ಸರಿಸಿದ ಸದ್ದು ಕೇಳಿತು. "ಮ್ಯಾಪು ಕೆಟ್ಟಿದ್ಯಾ? ಸರೆ, ಇರ್ಲಿ ಬಿಡು. ಈಗ ಎಲ್ಲಿದ್ದೀಯೋ?" ಎಂದರು. ಮೊದಮೊದಲು ಕನ್ನಡ ಒಂದೊಂದೇ ಮಾತಾಗಿ ಬಂತು. ಗನ್ನವರಂ ದಾಟುವ ಹೊತ್ತಿಗೆ ಹಳೆಯ ವೇಗ ಬಂದಿತ್ತು. ಸೈಕಲ್ಲಿನಿಂದ ಬಿದ್ದ ಕತೆ ಬಂತು, ನಮ್ಮಪ್ಪ ಕೈ ಬಿಟ್ಟು ಓಡಿದ ಕತೆಯೂ ಬಂತು. ನನ್ನ ಫೋನಿನಲ್ಲಿ ಮೇಡಂ ದನಿಯಿಲ್ಲದೆ ದಾರಿ ತೋರಿಸುತ್ತಿತ್ತು, ನಾನು ಕಣ್ಣಿನಿಂದ ಅದನ್ನು ನೋಡುತ್ತ ಬಾಯಿಂದ ಪದ್ದತ್ತೆಗೆ ಹೂಂಗುಡುತ್ತಿದ್ದೆ. ಅವರು ಹೇಳಿದ ದಾರಿಯಲ್ಲಿ ಅರ್ಧ ಬಂದ್ ಆಗಿತ್ತು. ಬೇರೆ ದಾರಿಯಲ್ಲಿ ಹೋಗುತ್ತಲೇ ಅವರ ದಾರಿಯಲ್ಲಿ ಹೋಗುತ್ತಿದ್ದೇನೆ ಎಂದೆ.

"ಅಮ್ಮನೋರು ಬೆನ್ನಿಗೆ ಬಂದ್ರಾ?"

"ಬಂದ್ರು ಅತ್ತೆ."

"ರಾವಿಮರ ಕಾಣಿಸ್ತಾ?"

ಅಲ್ಲೊಂದು ಸಿಮೆಂಟಿನ ಡಿವೈಡರು ಇತ್ತು, ಅದರ ಮೇಲೆ ದೊಡ್ಡ ಜಾಹೀರಾತಿನ ಬೋರ್ಡು ಇತ್ತು. "ಕಾಣಿಸ್ತು ಅತ್ತೆ, ತಿರುಗಿಸಿದೆ" ಎಂದೆ. ಗಿರಿಜ ನನ್ನ ಮುಖ ನೋಡಿದಳು.

ಅಂದು ಅನ್ನ ಬಿಸಿಯಾಗಿತ್ತು. ಪದ್ದತ್ತೆ ಗರಿಗರಿ ಸೀರೆ ಉಟ್ಟಿದ್ದರು. ಗೋಂಗೂರ ಸೊಪ್ಪಿನ ತೊವ್ವೆಗೆ ತುಪ್ಪ ಸುರಿಯುತ್ತ, "ಆ ರಾವಿಮರ ಹೆಂಗಿತ್ತೋ? ಚಿಗುರಿತ್ತಾ?" ಎಂದು ಕೇಳಿದರು. ಸುಳ್ಳಿಗೆ ಇಳಿದ ಮೇಲೆ ಅರ್ಧಕ್ಕೆ ನಿಲ್ಲಬಾರದೆಂದು, "ಚೆನ್ನಾಗಿ ಚಿಗುರಿದೆ ಅತ್ತೆ. ಒಳ್ಳೆ ನೆರಳು" ಎಂದೆ. ಸಾರು ಬಡಿಸುತ್ತಿದ್ದ ಶ್ರೀಲಕ್ಷ್ಮಿಗೆ ನಮ್ಮ ಮಾತಿನಲ್ಲಿ ತಿಳಿದದ್ದು ರಾವಿ ಒಂದೇ. ಅವಳು ಸೌಟನ್ನು ಹಿಡಿದುಕೊಂಡೇ, "ಆ ಚೆಟ್ಟು ಪುಷ್ಕರಾಲಪ್ಪುಡೇ ಕೊಟ್ಟೇಶಾರು ಕದಾ ಅತ್ತಯ್ಯಾ" ಎಂದಳು. ಮರವನ್ನು ಪುಷ್ಕರದ ಹೊತ್ತಿಗೇ ಕಡಿದುಹಾಕಿದರಲ್ಲ ಎಂದು ಅದರ ಅರ್ಥ. ಗಿರಿಜ ತಲೆ ಬಗ್ಗಿಸಿ ಉಪ್ಪಿನಕಾಯಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

"ನಂಗೊತ್ತು" ಎಂದರು ಪದ್ದತ್ತೆ. "ಕಡಿಯೋ ದಿನ ಹೋಗಿ ನೋಡ್ಕೊಂಡು ಬಂದಿದ್ದೆ. ನಿನ್ನ ಮ್ಯಾಪು ಕೆಟ್ಟಿಲ್ಲ ಅಂತ ಅನುಮಾನ ಇತ್ತು, ಅದಕ್ಕೇ ಮರ ಕೇಳ್ದೆ." ಅವರಿಗೆ ಸಿಟ್ಟು ಬಂದಿರಲಿಲ್ಲ. ಇನ್ನೊಂದು ಚಮಚ ತುಪ್ಪ ಹಾಕಿದರು. "ದಾರಿ ತಪ್ಪಿದೀನಿ ಅಂತ ನಾಟಕ ಆಡ್ಕೊಂಡು ಯಾಕೋ ಫೋನ್ ಮಾಡ್ತೀಯ? ಸುಮ್ನೆ ಮಾಡು. ಮಾತಾಡೋಕೆ ಅಂತ್ಲೇ ಮಾಡು. ನಾನೇನು ಬೇಡ ಅಂತೀನಾ?"

ಮಾಡುತ್ತೇನೆ ಎಂದು ಮಾತು ಕೊಟ್ಟೆ. ಅದಾದ ಕೆಲವೇ ತಿಂಗಳಲ್ಲಿ ವರ್ಗಾವಣೆಯಾಗಿ ತುಮಕೂರಿಗೆ ಮರಳಿದೆ. ಸನ್ಯಾಸಿರಾವು ರೈಲ್ವೆ ಸ್ಟೇಷನ್ನಿಗೆ ಬಂದು ಬೀಳ್ಕೊಡುವಾಗ ಹೊಸದೊಂದು ಆ್ಯಪು ಬಂದಿದೆ ಎಂದು ಹೇಳಿ ಕಣ್ಣು ಮಿಟುಕಿಸಿದರು. ನಾನು ಕೇಳಿಸಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ತುಮಕೂರಿನಲ್ಲಿ ನಮ್ಮ ಹಳೆಯ ಬಾಡಿಗೆ ಮನೆ ಸಿಗಲಿಲ್ಲ, ಊರಾಚೆ ಹೊಸ ಬಡಾವಣೆಯಲ್ಲಿ ಮನೆ ಹಿಡಿದೆವು. ಪದ್ದತ್ತೆಗೆ ಭಾನುವಾರ ಫೋನು ಮಾಡುತ್ತೇನೆ. ಮಾಡುತ್ತೇನೆ ಎಂದರೆ ನೆನಪಾದ ಭಾನುವಾರ. ಊಟ ಆಯ್ತಾ ಎನ್ನುತ್ತೇನೆ, ಆಯ್ತು ಎನ್ನುತ್ತಾರೆ. ಮಂಡಿ ನೋವು ಹೇಗಿದೆ ಎನ್ನುತ್ತೇನೆ, ಹಾಗೇ ಇದೆ ಎನ್ನುತ್ತಾರೆ. ಆಮೇಲೆ ಇಬ್ಬರಿಗೂ ಏನು ಹೇಳಬೇಕೆಂದು ತಿಳಿಯುವುದಿಲ್ಲ. ರಸ್ತೆಯಲ್ಲಿದ್ದಾಗ ಒಂದು ತಿರುವಿಗೊಂದು ಕತೆ ಇರುತ್ತಿತ್ತು. ಈಗ ನಾನು ಸೋಫಾದ ಮೇಲೆ, ಅವರು ಕುರ್ಚಿಯ ಮೇಲೆ. ನಡುವೆ ತಿರುವೇ ಇಲ್ಲ. ಇಡಲೇ ಅತ್ತೆ ಎನ್ನುತ್ತೇನೆ, ಸರೆ ಎನ್ನುತ್ತಾರೆ.

ಹೋದ ಭಾನುವಾರ ಇಡಲೇ ಎನ್ನುವ ಮುಂಚೆ ಅವರೇ ಕೇಳಿದರು.

"ಸೀನ, ನಿನ್ನ ಹೊಸ ಮನೆಗೆ ಬಸ್‌ಸ್ಟ್ಯಾಂಡಿಂದ ಹೆಂಗ್ ಬರ್ಬೇಕೋ?"

"ಬರ್ತೀರಾ ಅತ್ತೆ?"

"ಈ ಮಂಡಿ ಇಟ್ಕೊಂಡು ಎಲ್ಲಿ ಬರ್ಲಿ? ಸುಮ್ನೆ ಹೇಳು. ಹುಟ್ಟಿದೂರಲ್ವಾ, ನಾನು ಇಲ್ಲಿಂದ್ಲೇ ಬರ್ತೀನಿ."

ಎಷ್ಟು ಸುಲಭದ ಪ್ರಶ್ನೆ. ನಾನು ಬಾಯಿ ತೆರೆದೆ. ಬಸ್‌ಸ್ಟ್ಯಾಂಡಿನಿಂದ ಹೊರಗೆ ಬಂದು, ಆಮೇಲೆ ಎಂದೆ. ಆಮೇಲೆ ಏನೂ ಬರಲಿಲ್ಲ. ದಿನಾ ಬ್ಯಾಂಕಿನಿಂದ ಮನೆಗೆ ಬರುತ್ತೇನೆ, ಮೇಡಂ ಬಲಕ್ಕೆ ಎಂದರೆ ಬಲಕ್ಕೆ, ಎಡಕ್ಕೆ ಎಂದರೆ ಎಡಕ್ಕೆ. ದಾರಿಯಲ್ಲಿ ಸೋಡಾ ಅಂಗಡಿ ಇದೆಯೇ, ಬೋರಿಂಗು ಇದೆಯೇ, ಬೆಟ್ಟ ಯಾವ ಕಡೆ ಇದೆ, ಒಂದೂ ನನಗೆ ಗೊತ್ತಿರಲಿಲ್ಲ. ಹುಟ್ಟಿ ಬೆಳೆದ ಊರಿನಲ್ಲಿ ನನ್ನ ಮನೆಗೆ ಹೋಗುವ ದಾರಿ ನನಗೆ ಬರುವುದಿಲ್ಲ. "ಶ್ರೀಲಕ್ಷ್ಮಿ ಫೋನಿಗೆ ಲೊಕೇಶನ್ ಕಳಿಸ್ತೀನಿ ಅತ್ತೆ" ಎಂದೆ.

"ಅವಳಿಗ್ಯಾಕೆ? ಕೇಳಿದ್ದು ನಾನು."

ಒಂದು ನಿಮಿಷ ಇರಿ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಫೋನನ್ನು ಕಿವಿಗೆ ಹಿಡಿದೇ ಗೇಟಿನ ಹೊರಗೆ ಹೋಗಿ ನಿಂತೆ. ಬೀದಿಯನ್ನು ಮೊದಲ ಸಲ ನೋಡಿದೆ. "ನಮ್ಮ ತಿರುವಿನಲ್ಲಿ ಒಂದು ಮರ ಇದೆ ಅತ್ತೆ" ಎಂದೆ.

"ನಿಜವಾಗ್ಲೂ ಇದ್ಯಾ?"

"ಈ ಸಲ ನಿಜವಾಗ್ಲೂ ಇದೆ."

"ಯಾವ ಮರ?" ಎಂದರು ಪದ್ದತ್ತೆ.

ಅದು ನನಗೆ ಗೊತ್ತಿರಲಿಲ್ಲ.